ಸ್ನಾನಕ್ಕೆ ಆಸೆಪಟ್ಟ ಹಕ್ಕುಪತ್ರ

ಗಡಿಸೀಮೆಯ ಹಳೆಯ ಕಾಗದಗಳನ್ನು ಕಾಪಾಡುವ ಮನೆಯಲ್ಲಿ ಒಂದು ಹಕ್ಕುಪತ್ರವೂ ಒಂದು ಓಲೆಯೂ ಅಕ್ಕಪಕ್ಕ ಮಲಗಿದ್ದವು. ಹೊಳೆಯ ನಡುಗಡ್ಡೆ ಯಾವ ದಡದ ಊರಿಗೆ ಸೇರಿದ್ದೆಂಬುದಕ್ಕೆ ಹಕ್ಕುಪತ್ರವೊಂದೇ ಸಾಕ್ಷಿ. ಓಲೆಯೋ, ಆಚೆ ದಡಕ್ಕೆ ಮದುವೆಯಾಗಿ ಹೋದವಳು ತನ್ನ ಸೌತೆಬಳ್ಳಿಯ ಸುದ್ದಿಯನ್ನು ಅಣ್ಣನಿಗೆ ಬರೆದದ್ದು. ಕಾಗದ ಕಾಯುವ ರುದ್ರಾಂಬೆ ಎರಡರ ಮೂಲೆಗೂ ಒಂದೊಂದು ಹನಿ ನೀರು ಮುಟ್ಟಿಸಿ ನೋಡಿದಳು. ಆಮೇಲೆ ಓಲೆಯನ್ನು ಮಾತ್ರ ಅಗಲ ತಟ್ಟೆಯ ನೀರಲ್ಲಿ ತೊಳೆದು ಒಣಗಿಸಿದಳು.

“ಸೌತೆಕಾಯಿ ಹೊತ್ತ ನಿನಗೆ ಸ್ನಾನ, ಮೊಹರು ಹೊತ್ತ ನನಗೆ ಧೂಳೋ?” ಎಂದಿತು ಹಕ್ಕುಪತ್ರ.

“ನನ್ನದು ಪೆನ್ಸಿಲ್ ಬರಹ, ರಾಯರೇ. ನಿಮ್ಮ ನೇರಳೆ ಶಾಯಿ ಆ ಒಂದು ಹನಿಗೇ ಹರಡಿತು, ನೋಡಿಕೊಳ್ಳಿ.”

“ಬೆಳ್ಳಗಾದವರೆಲ್ಲ ಹೀಗೇ ಬುದ್ಧಿ ಹೇಳುವುದು. ಹತ್ತು ಕಚೇರಿ ತಿರುಗಿದವನು ನಾನು, ಗೊತ್ತಾಗುವುದಿಲ್ಲವೆ?”

ರುದ್ರಾಂಬೆ ಊಟಕ್ಕೆ ಎದ್ದದ್ದೇ ತಡ, ಫ್ಯಾನಿನ ಗಾಳಿ ಹಿಡಿದು ಹಕ್ಕುಪತ್ರ ತಟ್ಟೆಗೆ ಹಾರಿತು.

ಮರುದಿನ ಎರಡೂ ಊರಿನ ಹಿರಿಯರು ನಡುಗಡ್ಡೆಯ ತಕರಾರು ಹೊತ್ತು ಬಂದರು. ಹಾಲಿನಂಥ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಮೊಹರಿಲ್ಲ, ಒಡೆಯನ ಹೆಸರೂ ಇಲ್ಲ.

“ಹಾಗಾದರೆ ಇನ್ನು ದೊಣ್ಣೆಯೇ ಹೇಳಲಿ,” ಎನ್ನುತ್ತ ಎದ್ದು ಹೊರಟರು.

ಹಕ್ಕುಪತ್ರ ಮೆಲ್ಲನೆ ಓಲೆಯ ಕಡೆ ವಾಲಿತು.

“ನಿಜ ಹೇಳೇ, ಈಗ ನಿನಗಿಂತ ನಾನೇ ಬೆಳ್ಳಗಿದ್ದೇನೆ, ಅಲ್ಲವೇನೇ?”