ರದ್ದಾದ ನಕ್ಷೆ

ಒಂದೂರಿನ ಹಳೆಯ ಇಗರ್ಜಿಯಲ್ಲಿ ಒಂದು ತಗಡಿನ ಟ್ರಂಕು ಇತ್ತು. ಅದರ ತುಂಬ ಇಗರ್ಜಿಯ ಸ್ಮಶಾನದ ನಕ್ಷೆಗಳು. ಕೆಲವು ಬಟ್ಟೆಯ ಮೇಲೆ ಬರೆದವು, ಕೆಲವು ದಪ್ಪ ಕಾಗದದವು. ಯಾವ ಕಾಲದಲ್ಲಿ ಯಾರನ್ನು ಎಲ್ಲಿ ಮಣ್ಣು ಮಾಡಿದರು ಎಂಬುದೆಲ್ಲ ಅವುಗಳಲ್ಲಿತ್ತು. ಗೆದ್ದಲು ಹತ್ತುವ ಮೊದಲು ಅವನ್ನು ಉಳಿಸಿ, ಒಂದು ಪಟ್ಟಿ ಮಾಡಿಕೊಡಿ ಎಂದು ಇಗರ್ಜಿಯ ಗುರುಗಳು ಇನ್ನಾಸಪ್ಪನವರನ್ನು ಕೇಳಿಕೊಂಡರು.

ಇನ್ನಾಸಪ್ಪನವರು ಮೋಜಣಿದಾರರಾಗಿ ಊರೂರ ಹೊಲ ಅಳೆದು ನಿವೃತ್ತರಾದವರು. ಕೈ ಶುದ್ಧ, ಲೆಕ್ಕ ಶುದ್ಧ. ತಾವು ಅಳೆಯದ ನೆಲ ನೆಲವೇ ಅಲ್ಲ ಎಂಬ ಬಿಗುಮಾನ ಮಾತ್ರ ಒಂದಿಷ್ಟು ಇತ್ತು. ಹೆಂಡತಿ ಇಡ್ಲಿ ಬಡಿಸಿದರೂ ಎಲ್ಲವೂ ಒಂದೇ ಗಾತ್ರವೇ ಎಂದು ನೋಡಿ ಬಾಯಿಗೆ ಹಾಕುವವರು ಎಂದು ಊರವರು ನಗುತ್ತಿದ್ದರು.

ಅವರು ಕೆಲಸವನ್ನು ಪೂಜೆಯಂತೆ ಮಾಡಿದರು. ಮೆತ್ತನೆಯ ಕುಂಚದಿಂದ ಧೂಳು ಕೊಡವಿದರು. ಒಂದೊಂದು ನಕ್ಷೆಗೂ ನಂಬರು ಕೊಟ್ಟು ಬಟ್ಟೆಯ ಚೀಲ ಹೊಲಿಸಿದರು. ಹುಳ ಬೀಳದಿರಲೆಂದು ಬಜೆ ಬೇರಿನ ಗಂಟು ಕಟ್ಟಿಟ್ಟರು. ಕೊನೆಗೆ ಎಲ್ಲಕ್ಕಿಂತ ಹಳೆಯ ಬಟ್ಟೆಯ ನಕ್ಷೆ ಕೈಗೆ ಬಂತು. ಅದರಲ್ಲಿ ಸ್ಮಶಾನದ ಮೂಡಣ ಮೂಲೆಯ ತುಂಬ ಚುಕ್ಕೆಗಳಿದ್ದವು. ಆಮೇಲಿನ ನಕ್ಷೆಯಲ್ಲಿ ಅದೇ ಮೂಲೆ ಖಾಲಿ. ಟೇಪು ಹಿಡಿದು ಹೋಗಿ ನೋಡಿದರು. ಹುಲ್ಲು ಬಿಟ್ಟರೆ ಏನೂ ಇಲ್ಲ. ಒಂದು ಕಲ್ಲಿಲ್ಲ, ಒಂದು ಶಿಲುಬೆಯಿಲ್ಲ.

ಹೊಸ ಅಳತೆ ಬಂದರೆ ಹಳೆಯದು ರದ್ದು. ಇದು ಅವರ ಇಲಾಖೆಯ ಪಾಠ. ಹೊಲದ ಮಟ್ಟಿಗೆ ಅದು ಸರಿಯೇ. ಹೊಲ ಮಾರಾಟವಾಗುತ್ತದೆ, ಅಣ್ಣತಮ್ಮಂದಿರಲ್ಲಿ ಭಾಗವಾಗುತ್ತದೆ, ಬದು ಆಚೀಚೆ ಸರಿಯುತ್ತದೆ. ಸತ್ತವರು ಸರಿಯುವುದಿಲ್ಲ ಎಂಬುದು ಅವರಿಗೆ ಹೊಳೆಯಲಿಲ್ಲ. ಬಟ್ಟೆಯ ನಕ್ಷೆಯ ಮೇಲೆ ಕೆಂಪು ಶಾಯಿಯಲ್ಲಿ ‘ರದ್ದು’ ಎಂದು ಬರೆದರು. ಅದರ ಅಂಚು ಒಳಕ್ಕೆ ಮಡಚಿಕೊಂಡಿತ್ತು. ರದ್ದಾದ ನಕ್ಷೆಯ ಅಂಚು ಬಿಡಿಸಿ ಯಾರಿಗೆ ಏನಾಗಬೇಕು ಎಂದು ಹಾಗೆಯೇ ಸುತ್ತಿದರು.

ಆ ಇಗರ್ಜಿಯಲ್ಲಿ ಪವಿತ್ರ ವಸ್ತುವನ್ನು ಕಸಕ್ಕೆ ಎಸೆಯುವ ಪದ್ಧತಿಯಿಲ್ಲ. ಹಿಂದಿನ ವರ್ಷದ ಗರಿಗಳ ಭಾನುವಾರದ ಒಣಗರಿಗಳನ್ನು ಕೂಡಿಟ್ಟು, ವಿಭೂತಿ ಬುಧವಾರಕ್ಕೆ ಸುಟ್ಟು, ಆ ಬೂದಿಯನ್ನು ಹಣೆಗೆ ಹಚ್ಚುತ್ತಾರೆ. ರದ್ದಾದ ನಕ್ಷೆಯೂ ಆ ಗರಿಗಳ ಜೊತೆ ಇಗರ್ಜಿಯ ಕೋಣೆಯೊಂದರ ಮೂಲೆ ಸೇರಿತು. ಇನ್ನಾಸಪ್ಪನವರು ತಾವೇ ಒಂದು ಹೊಸ ನಕ್ಷೆ ಬರೆದರು. ಗುರುಗಳು ಅದಕ್ಕೆ ಕಟ್ಟು ಹಾಕಿಸಿ ಇಗರ್ಜಿಯ ಬಾಗಿಲ ಪಕ್ಕದಲ್ಲಿ ತೂಗುಹಾಕಿದರು. ನೋಡಿದವರೆಲ್ಲ ಭೇಷ್ ಎಂದರು.

ಆ ನಕ್ಷೆ ನೋಡಿಯೇ, ಮಣ್ಣಿಗೆ ಬಂದವರು ಕೈಕಾಲು ತೊಳೆಯಲು ನೀರಿಲ್ಲವಲ್ಲ, ಖಾಲಿ ಮೂಲೆಯಲ್ಲಿ ಒಂದು ಸಂಪು ತೋಡಿಸೋಣ ಎಂದು ತೀರ್ಮಾನವಾಯಿತು. ಮೇಸ್ತ್ರಿ ಆಳುಗಳ ಸಮೇತ ಬಂದ. ಗುದ್ದಲಿಪೂಜೆಗೆಂದು ನಿಂತಿದ್ದ ಇನ್ನಾಸಪ್ಪನವರ ಹತ್ತಿರ ಮುದುಕಿಯೊಬ್ಬಳು ಕೋಲೂರಿಕೊಂಡು ಬಂದಳು. ಕೆರೆಬೀದಿಯ ಆರೋಗ್ಯಮ್ಮ.

“ಇಲ್ಲಿ ಅಗೀಬೇಡ್ರಪ್ಪ. ನಮ್ಮವ್ವ ಇಲ್ಲೇ ಅವಳೆ.”

“ಎಲ್ಲಿ, ತೋರಿಸಿ ಅಮ್ಮ.”

“ಇಲ್ಲೇ ಅಂತ ಬೆರಳಿಟ್ಟು ಹೇಳಕ್ಕಾಗಲ್ಲ ಕಣಪ್ಪ. ನಾನಾಗ ಇಷ್ಟುದ್ದ ಇದ್ದೆ. ನನ್ನ ಹತ್ರ ಬರಕ್ಕೇ ಬಿಡ್ಲಿಲ್ಲ. ಈ ಮೂಲೇಲೇ ಎಲ್ಲೋ ಮಣ್ಣು ಮಾಡಿದ್ರು.”

“ಕಲ್ಲಿಲ್ಲವಲ್ಲ ಅಮ್ಮ.”

“ಊರಿಗೂರೇ ಓಡಿಹೋಗ್ತಿತ್ತು. ಕಲ್ಲು ನೆಡೋರು ಯಾರಪ್ಪ?”

“ನಕ್ಷೆಯಲ್ಲೂ ಇಲ್ಲ. ನಿಮ್ಮ ನೆನಪು ಎಲ್ಲೋ ತಪ್ಪಿದೆ, ಮನೆಗೆ ಹೋಗಿ” ಎಂದರು ಇನ್ನಾಸಪ್ಪ. ದನಿಯಲ್ಲಿ ಒರಟುತನ ಇರಲಿಲ್ಲ, ಅನುಮಾನವೂ ಇರಲಿಲ್ಲ.

ಆರೋಗ್ಯಮ್ಮ ವಾದ ಮಾಡಲಿಲ್ಲ, ಮನೆಗೂ ಹೋಗಲಿಲ್ಲ. ಸ್ವಲ್ಪ ದೂರದಲ್ಲಿ ಬಿಸಿಲಿನಲ್ಲೇ ಕುಳಿತಳು.

ಮಧ್ಯಾಹ್ನ ಊಟಕ್ಕೆ ಕುಳಿತಾಗಲೂ ಇನ್ನಾಸಪ್ಪನವರಿಗೆ ಬಿಸಿಲಿನಲ್ಲಿ ಕುಳಿತ ಮುದುಕಿಯೇ ನೆನಪಾದಳು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ತಾವು ಕಂಡದ್ದಾದರೂ ಎಷ್ಟು, ಬರಿಯ ಹುಲ್ಲು. ತಟ್ಟೆ ಬಿಟ್ಟು ಎದ್ದು ಇಗರ್ಜಿಗೆ ಹೋದರು. ಗರಿಗಳ ನಡುವಿನಿಂದ ಬಟ್ಟೆಯ ನಕ್ಷೆ ಎಳೆದು, ಅಂಚಿನ ಮಡಿಕೆ ಬಿಡಿಸಿದರು. ಯಾವುದೋ ಕಾಲದ ಗುರುಗಳ ಅಕ್ಷರ ಅಲ್ಲಿತ್ತು: “ವಾಂತಿಭೇದಿಯ ವರ್ಷ. ಚುಕ್ಕೆಗೆ ಒಬ್ಬರಂತೆ. ಹೆಸರು ಬರೆಯಲು ಬಿಡುವಿಲ್ಲ. ದೇವರು ಬಲ್ಲ.”

ಇನ್ನಾಸಪ್ಪನವರು ನಕ್ಷೆಯನ್ನು ಕಂಕುಳಲ್ಲಿ ಇಟ್ಟುಕೊಂಡರು. ಆ ವಯಸ್ಸಿನಲ್ಲಿ ಅವರು ಓಡಿದರು.

ಸ್ಮಶಾನದಲ್ಲಿ ಗುದ್ದಲಿಗಳು ಆಗಲೇ ನಿಂತಿದ್ದವು. ಅಗೆದ ಮಣ್ಣಿನಲ್ಲಿ ಮೂಳೆಗಳು ಬಿದ್ದಿದ್ದವು. ಗುರುಗಳು ಮುಖ ಸಣ್ಣದು ಮಾಡಿಕೊಂಡು ಇವರ ಕಡೆ ನೋಡಿದರು. ಮೇಸ್ತ್ರಿಯೇ ದಾರಿ ತೋರಿಸಿದ.

“ದನದ ಮೂಳೆ ಇರಬೇಕು ಬಿಡಿ ಸಾರ್. ಹೌದು ಅಂದ್ಬಿಡಿ, ಕೆಲಸ ಸಾಗಲಿ.”

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹೆಸರೂ ಉಳಿಯುತ್ತಿತ್ತು. ಆ ಒಂದು ಗಳಿಗೆ ಇನ್ನಾಸಪ್ಪನವರ ಮನಸ್ಸು ಅತ್ತ ವಾಲಿತು ಕೂಡ, ಮನುಷ್ಯರೇ ತಾನೆ. ಬಿಸಿಲಿನಲ್ಲಿ ಕುಳಿತ ಆರೋಗ್ಯಮ್ಮನ ಮುಖ ನೋಡಿದ ಮೇಲೆ ಆಗಲಿಲ್ಲ.

“ದನದ್ದಲ್ಲ. ನಮ್ಮ ಜನರದು. ನಕ್ಷೆಯಲ್ಲಿ ಇದ್ದರು, ನಾನು ರದ್ದು ಮಾಡಿದೆ. ಗುಂಡಿ ಮುಚ್ಚಿಸಿ ಗುರುಗಳೇ.”

ಗುರುಗಳು ಪ್ರಾರ್ಥನೆ ಹೇಳಿ ಮೂಳೆಗಳನ್ನು ಮರಳಿ ಮಣ್ಣಿಗಿಟ್ಟರು. ಇನ್ನಾಸಪ್ಪನವರು ತಮ್ಮ ನಕ್ಷೆಯನ್ನು ಗೋಡೆಯಿಂದ ತಾವೇ ಇಳಿಸಿದರು. ಸಿಟ್ಟಿನಲ್ಲಿ ಹರಿದುಹಾಕಲಿಲ್ಲ. ಅದಕ್ಕೂ ಒಂದು ನಂಬರು ಕೊಟ್ಟು, ‘ಮೂಡಣ ಮೂಲೆ ತಪ್ಪು, ಬರೆದವನು ಇನ್ನಾಸಪ್ಪ’ ಎಂದು ಪಟ್ಟಿಯಲ್ಲಿ ಸೇರಿಸಿದರು.

ಸತ್ತವರ ಹಬ್ಬ ಬಂತು. ಊರೆಲ್ಲ ಸಮಾಧಿಗಳಿಗೆ ಸೇವಂತಿಗೆ ಹಾಕಿ ಮೇಣದ ಬತ್ತಿ ಹಚ್ಚುತ್ತಿತ್ತು. ಆರೋಗ್ಯಮ್ಮ ಒಂದೇ ಬತ್ತಿ ಹಿಡಿದು ಮೂಡಣ ಮೂಲೆಯಲ್ಲಿ ನಿಂತಿದ್ದಳು. ಇನ್ನಾಸಪ್ಪನವರು ಬಟ್ಟೆಯ ನಕ್ಷೆ ತಂದು ಬಿಡಿಸಿದರು.

“ಇದರಾಗೆ ನಮ್ಮವ್ವ ಯಾವುದು?”

“ಗೊತ್ತಾಗುವುದಿಲ್ಲ ಅಮ್ಮ. ಹೆಸರಿಲ್ಲ.”

“ನೀವು ಅಗೆದ ಕಡೆ ಇದ್ದಳಾ, ಅಗೀದೆ ಉಳಿದ ಕಡೆ ಇದ್ದಳಾ?”

ಇನ್ನಾಸಪ್ಪನವರು ನಕ್ಷೆಯನ್ನು ಮೆಲ್ಲನೆ ಸುತ್ತಿದರು. ಕಣ್ಣು ತುಂಬಿಬಂತು.

ಮುದುಕಿ ಅಗೆದು ಮುಚ್ಚಿದ ಮಣ್ಣಿನ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕುಳಿತು, ಬತ್ತಿ ನೆಟ್ಟಳು.

“ಇಲ್ಲೇ ಇಡ್ತೀನಿ. ಗುದ್ದಲಿ ಏಟು ಬಿದ್ದದ್ದು ಇವರಿಗೆ. ನಮ್ಮವ್ವ ಅಲ್ಲದಿದ್ರೆ ಇನ್ಯಾರಿಗೋ ಅವ್ವ” ಎಂದಳು.

ನೀತಿ: ಕಣ್ಣಿಗೆ ಕಾಣದ್ದನ್ನು ಇಲ್ಲವೆಂದು ಬರೆಯುವ ಮುನ್ನ, ಹಿಂದಿನವರು ಬರೆದಿಟ್ಟದ್ದನ್ನು ಪೂರ್ತಿ ಓದಬೇಕು. ತಪ್ಪಾದರೆ ಒಪ್ಪಿಕೊಳ್ಳಬೇಕು, ಆದರೆ ಒಪ್ಪಿಕೊಂಡ ಮಾತ್ರಕ್ಕೆ ಅಗೆದ ಮಣ್ಣು ಮೊದಲಿನಂತಾಗುವುದಿಲ್ಲ.