ಜಿನುಗಿದ ಎಣ್ಣೆ

ಮರಿಗಳಿಗೆ ಮೀನು ಹುಡುಕಲು ಹೊರಟ ನೀರುಕಾಗೆಗೆ ಬಂದರಿನಾಚೆ ನಿಂತಿದ್ದ ಎಣ್ಣೆಹಡಗಿನ ಸುತ್ತ ಕಪ್ಪು ಜಿಡ್ಡು ಕಂಡಿತು. ಅದು ಹಡಗಿನ ಬಳಿಗೆ ಹಾರಿ ಬಂದು ಕೂಗಿತು:

"ಹಡಗಣ್ಣ, ನಿನ್ನ ಎಣ್ಣೆ ಕಡಲಿಗೆ ಬೀಳುತ್ತಿದೆ!"

"ನಾನೇನು ಸುರಿದೆನೇ ತಂಗಿ? ಕೊಳವೆಯ ಸಂದಿಯಿಂದ ತಾನಾಗಿ ಜಿನುಗಿದೆ. ಜಿನುಗಿದ್ದನ್ನೂ ಮಾಲಿನ್ಯ ಎನ್ನುತ್ತಾರೆಯೇ?" ಎಂದಿತು ಹಡಗು.

ವಾದಕ್ಕೆ ಹೊತ್ತಿರಲಿಲ್ಲ; ಮರಿಗಳು ಹಸಿದಿದ್ದವು. ನೀರುಕಾಗೆ ಮುಳುಗಿ ಮೀನು ಹಿಡಿದು ಎದ್ದಿತು. ಎಣ್ಣೆ ಮೆತ್ತಿದ ರೆಕ್ಕೆಗಳು ಬಿಚ್ಚಲೇ ಇಲ್ಲ.

ಅಷ್ಟರಲ್ಲಿ ಕಾವಲುದೋಣಿ ಬಂತು. ಹಡಗು ಅದೇ ಮಾತು ಹೇಳಿತು.

"ಹೇಗೆ ಹೊರಬಂತೆಂದು ಕೇಳಲಿಲ್ಲ. ನೀರಿಗೆ ಸೇರಿತೇ?"

"ಸೇರಿತು."

"ಅದೇ ಮಾಲಿನ್ಯ" ಎಂದು ದೋಣಿ ಹಡಗನ್ನು ಅಲ್ಲೇ ತಡೆಯಿತು.

ನೀರುಕಾಗೆ ಮಾತ್ರ, ಕೊಕ್ಕಿನಲ್ಲಿದ್ದ ಕಪ್ಪು ಮೀನನ್ನು ಮರಿಗಳಿಗೆ ಕೊಡಬೇಕೋ ಬೇಡವೋ ತಿಳಿಯದೆ, ಗೂಡಿದ್ದ ಬಂಡೆಯತ್ತ ಈಜುತ್ತಲೇ ಇತ್ತು.