ಮೊನೆ ಆರಿಸಿದ ಉಕ್ಕು

ಲೇತ್ ಯಂತ್ರದ ಪೆಟ್ಟಿಗೆಯಲ್ಲಿ ಇನ್ನೂ ಮೊನೆ ಕಾಣದ ಹೊಸ ಉಕ್ಕಿನ ತುಂಡೊಂದಿತ್ತು. "ಬೋಲ್ಟಿಗೆ ಸುರುಳಿ ಗೆರೆಯ ಥ್ರೆಡ್ ಕೊರೆಯುವ ಟೂಲಾಗುತ್ತೀಯೋ, ಸರಳು ಕತ್ತರಿಸುವ ಟೂಲಾಗುತ್ತೀಯೋ? ಸಂಜೆಯೊಳಗೆ ಹೇಳು," ಎಂದು ಸಾಣೆಕಲ್ಲು ಕೇಳಿದಾಗಿನಿಂದ ಅದಕ್ಕೆ ಜೀವವೇ ಬಾಯಿಗೆ ಬಂದಿತ್ತು.

"ಒಂದನ್ನು ಆರಿಸಿದರೆ ಇನ್ನೊಂದು ಜನ್ಮಪೂರ್ತಿ ಕೈತಪ್ಪುತ್ತದಲ್ಲ, ಅಜ್ಜಾ!" ಎಂದು ಸವೆದು ಹೆಬ್ಬೆರಳಷ್ಟೇ ಉಳಿದಿದ್ದ ಹಳೆಯ ಟೂಲಿನ ಮುಂದೆ ಅಲವತ್ತುಕೊಂಡಿತು.

"ನಾನು ಮೊದಲು ಸರಳು ಕತ್ತರಿಸುತ್ತಿದ್ದೆ. ಮತ್ತೆ ಸಾಣೆಗೆ ಹೋಗಿ ಮೊನೆ ಬದಲಿಸಿಕೊಂಡು ಬಂದು ಥ್ರೆಡ್ ಕೊರೆದೆ. ಈಗ ತೂತು ಹಿಗ್ಗಿಸುತ್ತಿದ್ದೇನೆ," ಎಂದಿತು ಹಳೆಯ ಟೂಲು.

"ಏನನ್ನೂ ಆರಿಸದವರ ಗತಿ?"

"ಆ ಕಿಟಕಿ ಬಡಿಯದಂತೆ ಮೊನೆಯಿಲ್ಲದ ತುಂಡೊಂದನ್ನು ಅಡ್ಡ ಇಟ್ಟಿದ್ದಾರಲ್ಲ, ಅವನು. ಹತ್ತು ವರ್ಷದಿಂದ ಯೋಚಿಸುತ್ತಿದ್ದಾನೆ."

ತುಂಡು ನಕ್ಕುಬಿಟ್ಟಿತು. ಸಾಣೆಕಲ್ಲಿನತ್ತ ತಿರುಗಿ, "ಮೊದಲು ಥ್ರೆಡ್!" ಎಂದಿತು. 'ಮೊದಲು' ಎಂಬ ಆ ಒಂದು ಮಾತಿಗೇ ಅದರ ಎದೆಯ ಭಾರ ಇಳಿದುಹೋಗಿತ್ತು.